ಇಲ್ಲದ ಬರ್ ತೋರಿಸಿದ ಬೆಳಕು

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನು ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿದ್ದಾಗ ಒಂದು ಸ್ಟೀಲ್ ಪ್ಲೇಟು ರಿಜೆಕ್ಟ್ ಆಯಿತು. ಎಚಿಂಗ್ ಮಾಡಿ, ಅಂದರೆ ರಾಸಾಯನಿಕದಿಂದ ಕೊರೆದು, ಅದರ ಮೇಲೆ ಅರ್ಧ ಮೈಕ್ರಾನ್ ಎತ್ತರದ ಮೆಟ್ಟಿಲು ತೆಗೆದಿದ್ದರು. ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿಗೂ ಕಡಿಮೆ. ಬೆಳಕಿನಿಂದ ಎತ್ತರ ಅಳೆಯುವ ವೈಟ್ ಲೈಟ್ ಯಂತ್ರದ ಸ್ಕ್ರೀನಿನಲ್ಲಿ ಮೆಟ್ಟಿಲಿನ ಅಂಚಿಗೆ ಕೊಂಬು ಮೂಡಿತ್ತು. "ಬರ್ ಉಳಿಸಿದ್ದೀಯ" ಎಂದು ಕೆಲಸದ ಹುಡುಗನಿಗೆ ಬೈದೆವು. ಬರ್ ಅಂದರೆ ಅಂಚಿನಲ್ಲಿ ಎದ್ದು ಉಳಿಯುವ ಲೋಹದ ಚೂರು. ಆಮೇಲೆ ಸ್ಟೈಲಸ್, ಅಂದರೆ ಮೇಲ್ಮೈ ಮೇಲೆ ಎಳೆದು ಅಳೆಯುವ ಸೂಜಿ, ಓಡಿಸಿ ನೋಡಿದರೆ ಅಂಚು ನೀಟಾಗಿತ್ತು.

ಸೂಜಿಗೂ ಬೆಳಕಿಗೂ ಈ ತಕರಾರು ಹೊಸದಲ್ಲ. ಮೇಲ್ಮೈಯ ಉಬ್ಬುತಗ್ಗನ್ನು ಸೂಜಿಯಿಂದ ಅಳೆದು ಅಂಕಿಗೆ ಇಳಿಸುವ ದಾರಿಯನ್ನು 1933ರಲ್ಲಿ ಅಮೆರಿಕದ ಅಬಟ್ ಮತ್ತು ಫೈರ್‌ಸ್ಟೋನ್ ತೋರಿಸಿದರು. 1941ರಲ್ಲಿ ಇಂಗ್ಲೆಂಡಿನ ಟ್ಯಾಲಿಸರ್ಫ್ ಎಂಬ ಸೂಜಿಯ ಯಂತ್ರ ಬಂತು. ಆದರೆ ಸೂಜಿ ನಿಧಾನ, ಒಂದು ಸಲಕ್ಕೆ ಒಂದೇ ಗೆರೆ. ಮೆತ್ತನೆ ಲೋಹದ ಮೇಲೆ ಗೀರೂ ಬೀಳುತ್ತದೆ. 1990ರ ದಶಕದಲ್ಲಿ, ಮುಟ್ಟದೆ ಅಳೆಯುವ ಬೆಳಕಿನ ಯಂತ್ರಗಳ ಬಳಕೆ ಹೆಚ್ಚಿತು.

ನಮ್ಮ ವೈಟ್ ಲೈಟ್ ಯಂತ್ರ ಮೇಲ್ಮೈಯಿಂದ ವಾಪಸ್ ಬಂದ ಬೆಳಕನ್ನು ಒಳಗಿನ ಕನ್ನಡಿಯಿಂದ ಬಂದ ಬೆಳಕಿನ ಜೊತೆ ಬೆರೆಸುತ್ತದೆ. ಆಗ ಮೂಡುವ ಪಟ್ಟೆಗಳು ಎಲ್ಲಿ ತುಂಬಾ ಸ್ಪಷ್ಟವೋ ಅದೇ ಎತ್ತರ ಎಂದು ಲೆಕ್ಕ ಹಾಕುತ್ತದೆ. ಮೆಟ್ಟಿಲು ತೀರಾ ಚಿಕ್ಕದಿದ್ದರೆ ಅಂಚಿನಲ್ಲಿ ಮೇಲಿನ ಬೆಳಕೂ ಕೆಳಗಿನ ಬೆಳಕೂ ಕಲಸಿಹೋಗುತ್ತವೆ. ಲೆಕ್ಕ ತಪ್ಪುತ್ತದೆ. ಮೇಲಿನ ಅಂಚು ಇನ್ನೂ ಮೇಲಕ್ಕೆ, ಕೆಳಗಿನದು ಇನ್ನೂ ಕೆಳಕ್ಕೆ ಕಾಣುತ್ತದೆ. ಇದಕ್ಕೆ ಬ್ಯಾಟ್‌ವಿಂಗ್ ಅಂತಾರೆ, ಬಾವಲಿ ರೆಕ್ಕೆ. ನಮ್ಮ ಕೊಂಬು ಇದೇ.

ಗಾಜಿನ ಮೇಲೆ ಚಿನ್ನದ ಲೇಪವಿದ್ದರೂ ಎತ್ತರ ತಪ್ಪಬಹುದು. ಬೇರೆ ಬೇರೆ ವಸ್ತುವಿನಿಂದ ಬೆಳಕು ಬೇರೆ ಬೇರೆ ಥರ ಮರಳುತ್ತದೆ. ಕಡಿದಾದ ಇಳಿಜಾರಿನಿಂದ ಬೆಳಕು ಲೆನ್ಸಿಗೆ ಬರುವುದೇ ಇಲ್ಲ. ಆ ಖಾಲಿ ಜಾಗವನ್ನು ಕೆಲವು ಸಾಫ್ಟ್‌ವೇರ್ ಅಕ್ಕಪಕ್ಕದ ಅಂಕಿಯಿಂದ ತುಂಬಿಬಿಡುತ್ತವೆ. ನನಗೆ ಜಾಸ್ತಿ ಭಯ ಇದರದ್ದೇ. ಚಿತ್ರ ಚೆನ್ನಾಗಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ಹಬಲ್ ದೂರದರ್ಶಕದ 2.4 ಮೀಟರ್ ಕನ್ನಡಿಯ ಆಕಾರವನ್ನೂ ಬೆಳಕಿನಿಂದಲೇ ಅಳೆದಿದ್ದರು. ಅಳೆಯುವ ಉಪಕರಣದ ಒಂದು ಲೆನ್ಸ್ 1.3 ಮಿಲಿಮೀಟರ್ ಜಾಗ ತಪ್ಪಿ ಕೂತಿತ್ತು. ಬೇರೆ ಉಪಕರಣಗಳು ದೋಷ ತೋರಿಸಿದವು. ಅವು ಅಷ್ಟು ನಿಖರವಲ್ಲ ಎಂದು ಪಕ್ಕಕ್ಕಿಟ್ಟರು. ಕನ್ನಡಿಯ ಅಂಚು ಸುಮಾರು 2 ಮೈಕ್ರಾನ್ ಹೆಚ್ಚು ಚಪ್ಪಟೆಯಾಗಿದೆ ಎಂದು ಗೊತ್ತಾಗಿದ್ದು 1990ರಲ್ಲಿ, ದೂರದರ್ಶಕ ಆಕಾಶ ಸೇರಿದ ಮೇಲೆ.

ಮೇಲ್ಮೈ ಅಳೆಯುವ ಯಂತ್ರದ ಯಾವ ಯಾವ ಗುಣ ಪರೀಕ್ಷಿಸಬೇಕು ಎಂಬುದು 2019ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 25178ರ 600ನೇ ಭಾಗದಲ್ಲಿ ಬಂತು. ಕ್ಯಾಲಿಬ್ರೇಶನ್, ಅಂದರೆ ಗೊತ್ತಿರುವ ಅಳತೆಗೆ ಯಂತ್ರವನ್ನು ಹೋಲಿಸಿ ನೋಡುವುದು, ಮಾಡುವ ಬಗೆ 2022ರಲ್ಲಿ, 700ನೇ ಭಾಗದಲ್ಲಿ. ಆದರೆ ಮೆಟ್ಟಿಲಿನ ಎತ್ತರ ಅಳೆಯುವಾಗ ಅಂಚಿನ ಪಕ್ಕದ ಜಾಗ ಬಿಟ್ಟು ಲೆಕ್ಕ ಹಾಕುವ ರೂಢಿ ಸೂಜಿಯ ಕಾಲದಿಂದಲೂ ಇತ್ತು. ಅಂದು ನಾವು ಅಂಚನ್ನೇ ನೋಡಿ ತೀರ್ಪು ಕೊಟ್ಟಿದ್ದೆವು. ಮರುದಿನ ಎರಡೂ ಗ್ರಾಫ್ ಪಕ್ಕಪಕ್ಕ ಇಟ್ಟು ಆ ಹುಡುಗನಿಗೆ ತೋರಿಸಿ, ತಪ್ಪಾಯ್ತಪ್ಪ ಎಂದೆ.