ಬೇರಿಂಗ್ ಗ್ರೀಸ್ ಡಬ್ಬಿ ದೂರ ಇಡಿ

ಮನೆಯಲ್ಲೇ ಕಾರಿನ ಡಿಸ್ಕ್ ಬ್ರೇಕ್ ಪ್ಯಾಡ್ ಬದಲಾಯಿಸುವವರ ಮೇಲೆ ನನಗೆ ಸಿಟ್ಟಿಲ್ಲ. ಗಾಡಿ ಮೇಲೆ ಪ್ರೀತಿ ಇರುವವರೇ ಆ ಕೆಲಸಕ್ಕೆ ಕೈ ಹಾಕುವುದು. ಬರೀ ಜ್ಯಾಕ್ ನಂಬಬೇಡಿ, ಸ್ಟ್ಯಾಂಡ್ ಕೊಡಿ, ಕ್ಯಾಲಿಪರನ್ನು (ಪ್ಯಾಡ್ ಹಿಡಿದು ಡಿಸ್ಕಿಗೆ ಒತ್ತುವ ಭಾಗ) ಬ್ರೇಕ್ ಹೋಸ್ ಮೇಲೆ ನೇತಾಡಲು ಬಿಡಬೇಡಿ, ಇದೆಲ್ಲ ನಿಮಗೆ ಗೊತ್ತಿರುತ್ತದೆ. ನನ್ನ ತಕರಾರು ಒಂದೇ. ಕ್ಯಾಲಿಪರ್ ಜಾರುವ ಆ ಪಿನ್‌ಗೆ ಯಾವ ಗ್ರೀಸ್ ಹಚ್ಚಿದ್ರಿ?

ಹೋದ ವರ್ಷ ಹರಿಹರದ ಮೇಷ್ಟ್ರೊಬ್ಬರು ಮನೆಯವರನ್ನು ಕರೆದುಕೊಂಡು ಚಿತ್ರದುರ್ಗದ ಜೋಗಿಮಟ್ಟಿಗೆ ಹೋಗಿದ್ದರು. ಇಳಿಯುವಾಗ ಮುಂದಿನ ಎಡ ಚಕ್ರದಿಂದ ಸುಟ್ಟ ವಾಸನೆ. ನಿಂತು ಆರಿಸಿಕೊಂಡು, ಹೆದ್ದಾರಿ 48ರಲ್ಲಿ ನಿಧಾನಕ್ಕೆ ದಾವಣಗೆರೆ ತನಕ ಬಂದು, ಸೀದಾ ನಮ್ಮ ಶೆಡ್ಡಿಗೆ ಗಾಡಿ ತಂದರು. ಹಾಗೆ ಓಡಿಸಿಕೊಂಡು ಬರಬಾರದಿತ್ತು, ಅದು ಬೇರೆ ಮಾತು. ಬಿಚ್ಚಿದರೆ ಒಳಗಿನ ಪ್ಯಾಡ್ ಕಬ್ಬಿಣದ ತನಕ ಸವೆದಿದೆ, ಹೊರಗಿನದು ಹೆಚ್ಚುಕಮ್ಮಿ ಹೊಸದು. ಒಂದು ಪಿನ್ ಹೊರಗೇ ಬರುತ್ತಿಲ್ಲ. ಧೂಳು ಹೋಗದಂತೆ ಅದಕ್ಕೆ ತೊಡಿಸಿದ್ದ ರಬ್ಬರ್ ಬೂಟು ನೆನೆಹಾಕಿದ ಕಡಲೆ ಥರ ಉಬ್ಬಿಕೊಂಡಿತ್ತು.

"ಗ್ರೀಸ್ ಅಂದ್ರೆ ಗ್ರೀಸ್ ಅಲ್ವಾ? ಬೇರಿಂಗ್ ಗ್ರೀಸ್ ಬಿಸಿ ತಡೆಯುತ್ತಲ್ಲಾ?" ಅಂದರು.

"ಬಿಸಿ ತಡೆಯುತ್ತೆ ಮೇಷ್ಟ್ರೇ. ಆದ್ರೆ ರಬ್ಬರ್ ಅದನ್ನ ತಡೆಯಲ್ಲ."

ನಮ್ಮ ಸಣ್ಣ ಕಾರುಗಳ ಕ್ಯಾಲಿಪರ್‌ನಲ್ಲಿ ಸಾಮಾನ್ಯವಾಗಿ ಪಿಸ್ಟನ್ ಒಂದೇ, ಅದೂ ಒಳಬದಿಗೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆಗ ಇಡೀ ಕ್ಯಾಲಿಪರ್ ಪಿನ್ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳುತ್ತದೆ. ಪಿನ್ ಜಾರದಿದ್ದರೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ. ಬ್ರೇಕ್ ಬಿಟ್ಟ ಮೇಲೂ ಅದು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ.

ಇದಕ್ಕೆಲ್ಲ ಮೂಲ ಆ ಹೆಸರು ಅಂತ ನನಗನಿಸುತ್ತದೆ. ಬ್ರೇಕ್ ಆಯಿಲ್ ಅಂತ ಕರೀತೀವಿ, ಆದರೆ ಡಾಟ್ 3, ಡಾಟ್ 4 ಡಬ್ಬಿಯಲ್ಲಿರುವುದು ಎಣ್ಣೆಯೇ ಅಲ್ಲ, ಗ್ಲೈಕಾಲ್ ಜಾತಿಯ ದ್ರವ. ಅದಕ್ಕೆ ಹೊಂದುವ ರಬ್ಬರ್ ಇಪಿಡಿಎಂ, ಬ್ರೇಕಿನ ಸೀಲು ಬೂಟುಗಳಿಗೆ ಜಾಸ್ತಿ ಬಳಸುವುದು ಅದನ್ನೇ. ಈ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಆಗಿಬರುವುದಿಲ್ಲ, ಹೀರಿಕೊಂಡು ಉಬ್ಬುತ್ತದೆ. ಬೇರಿಂಗ್ ಗ್ರೀಸ್, ಎಂಜಿನ್ ಆಯಿಲ್, ಡೀಸೆಲ್ ಎಲ್ಲಾ ಆ ಕುಲದವೇ. ಪಿನ್‌ಗೆ ಬೇಕಾಗಿರುವುದು ಬ್ರೇಕಿಗೆಂದೇ ಮಾಡಿದ ಸಿಲಿಕೋನ್ ಗ್ರೀಸ್. ನಿಮ್ಮ ಗಾಡಿಯ ಪುಸ್ತಕ ಬೇರೆ ಹೇಳಿದರೆ ಪುಸ್ತಕದ ಮಾತೇ ಮೇಲು.

ಮೇಷ್ಟ್ರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಹಳೇ ಬೂಟನ್ನು ಕೇಳಿ ಪಡೆದರು. ಚೆನ್ನಾಗಿದ್ದ ಇನ್ನೊಂದು ಪಿನ್ನಿನ ಬೂಟದು. ಎರಡು ತುಂಡು ಮಾಡಿ ಒಂದನ್ನು ಎಂಜಿನ್ ಆಯಿಲ್‌ನಲ್ಲಿ, ಇನ್ನೊಂದನ್ನು ಬ್ರೇಕ್ ಆಯಿಲ್‌ನಲ್ಲಿ ನೆನೆಸಿಟ್ಟರು. ವಾರ ಬಿಟ್ಟು ಬಂದು ಎರಡನ್ನೂ ನನ್ನ ಕೈಗಿಟ್ಟರು. ಮುಟ್ಟಿದರೇ ಗೊತ್ತಾಗುತ್ತಿತ್ತು, ಎಣ್ಣೆಯದು ದಪ್ಪ, ಮೆತ್ತಗೆ. ಇಂಥ ಗಿರಾಕಿ ಸಿಗುವುದು ಭಾಗ್ಯ.

ಗ್ರೀಸ್ ತೆಳ್ಳಗೆ ಸವರಿ. ಜಾಸ್ತಿ ತುಂಬಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಪಿನ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಎಷ್ಟೋ ಗಾಡಿಗಳಲ್ಲಿ ಎರಡು ಪಿನ್ ಒಂದೇ ಥರ ಇರುವುದಿಲ್ಲ, ಒಂದರ ತುದಿಗೆ ಸಣ್ಣ ರಬ್ಬರ್ ಬುಷ್ ಇರುತ್ತದೆ. ಬಿಚ್ಚುವಾಗಲೇ ಫೋಟೋ ತೆಗೆದುಕೊಳ್ಳಿ, ಅದಲುಬದಲು ಮಾಡಬೇಡಿ. ಬೂಟಿನ ಅಂಚು ಅದರ ತೋಡಿನೊಳಗೆ ಪೂರ್ತಿ ಕೂತಿದೆಯಾ ಅಂತ ಬೆರಳಲ್ಲಿ ಸುತ್ತ ಮುಟ್ಟಿ ನೋಡಿ. ಕೂರದಿದ್ದರೆ ನಮ್ಮೂರಿನ ಧೂಳು ಸುಮ್ನೆ ಬಿಡುವುದಿಲ್ಲ. ಪ್ಯಾಡ್ ಹಾಕುವ ಮೊದಲು ಪಿನ್ ಎರಡನ್ನೂ ಕೈಯಲ್ಲೇ ಹಿಂದೆ ಮುಂದೆ ಆಡಿಸಿ. ಸುತ್ತಿಗೆ ಬೇಕಾಯಿತು ಅಂದರೆ ಅಲ್ಲೇ ನಿಲ್ಲಿಸಿ, ಯಾರಾದರೂ ಮೆಕ್ಯಾನಿಕ್ಕಿಗೆ ತೋರಿಸಿ. ಎಲ್ಲ ಮುಗಿದ ಮೇಲೆ, ಗಾಡಿ ಕದಲಿಸುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಮೊದಲ ಕೆಲವು ಸಲ ಅದು ತಳಕ್ಕೆ ಹೋಗುತ್ತದೆ, ಪಿಸ್ಟನ್ ಇನ್ನೂ ಹಿಂದೆ ಇರುತ್ತದಲ್ಲ.