ಹರಳಾಗಲು ಒಲ್ಲದ ಉಪ್ಪು

ಹದಿನೈದು ವರ್ಷಗಳ ಹಿಂದಿನ ಸ್ಫಟಿಕಶಾಸ್ತ್ರದ ಅಂತರರಾಷ್ಟ್ರೀಯ ಪತ್ರಿಕೆಗಳನ್ನು ತಿರುವಿ ಹಾಕಿದರೆ ಮಂಗಳೂರು ವಿಶ್ವವಿದ್ಯಾಲಯದ ಮಂಗಳಗಂಗೋತ್ರಿಯ ವಿಳಾಸ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಸುರತ್ಕಲ್‌ನ ಎನ್‌ಐಟಿಕೆಯದೂ ಅಷ್ಟೇ. ಸಂಯುಕ್ತ ತಯಾರಾದದ್ದು ಕೊಣಾಜೆಯ ಗುಡ್ಡದ ಮೇಲೆ ಅಥವಾ ಸುರತ್ಕಲ್‌ನ ಕಡಲ ಬದಿಯಲ್ಲಿ. ಅದರ ಹರಳಿನ ಮೇಲೆ ಎಕ್ಸ್-ರೇ ಬಿದ್ದದ್ದು ಮಲೇಷ್ಯಾದ ಪೆನಾಂಗ್‌ನ ವಿಶ್ವವಿದ್ಯಾಲಯದಲ್ಲಿ. ಹೆಚ್ಚಿನವು ಔಷಧ ಗುಣವನ್ನು ಅರಸಿ ತಯಾರಿಸಿದ ಸಾವಯವ ಸಂಯುಕ್ತಗಳು. ಒಂದೊಂದು ವರದಿಯೂ ಒಂದೆರಡು ಪುಟದ್ದು. ಸುದ್ದಿಯಾಗುವಂಥದ್ದಲ್ಲ, ಆದರೆ ಇಂಥ ಸಾವಿರಾರು ಸಣ್ಣ ವರದಿಗಳು ಸೇರಿಯೇ ಈ ವಿಜ್ಞಾನ ಬೆಳೆದಿದೆ.

ಇದೇ ರಸಾಯನಶಾಸ್ತ್ರದಲ್ಲಿ ಇನ್ನೊಂದು ಕವಲಿದೆ: ಅಯಾನಿಕ ದ್ರವಗಳದ್ದು. ಸ್ಫಟಿಕಶಾಸ್ತ್ರ ಶಿಸ್ತಾಗಿ ಸಾಲುಗಟ್ಟಿದ ಕಣಗಳನ್ನು ಓದಿದರೆ, ಅಯಾನಿಕ ದ್ರವ ಎಂಬುದು ಸಾಲುಗಟ್ಟಲು ಒಪ್ಪದ ಉಪ್ಪು. ಒಬ್ಬರೇ ವಿಜ್ಞಾನಿ ಎರಡರಲ್ಲೂ ಕೆಲಸ ಮಾಡುತ್ತಾರೆಂದರೆ ಹೊರಗಿನವರಿಗೆ ವಿಚಿತ್ರವೆನಿಸಬಹುದು. ನೂರು ವರ್ಷದ ಚರಿತ್ರೆ ನೋಡಿದರೆ ಮಾತ್ರ ಒಂದನ್ನು ಬಿಟ್ಟು ಇನ್ನೊಂದು ನಡೆದೇ ಇಲ್ಲ.

1912ರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಫಾನ್ ಲಾವೆ ಅವರ ಸೂಚನೆಯಂತೆ ಮ್ಯೂನಿಕ್‌ನಲ್ಲಿ ಮೈಲುತುತ್ತಿನ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದಾಗ ಫೋಟೋ ತಟ್ಟೆಯ ಮೇಲೆ ಚುಕ್ಕೆಗಳು ಮೂಡಿದವು. ಮರುವರ್ಷ ಇಂಗ್ಲೆಂಡಿನ ಬ್ರ್ಯಾಗ್ ತಂದೆ-ಮಗ ಆ ಚುಕ್ಕೆಗಳಿಂದ ಹರಳಿನೊಳಗಿನ ಕಣಗಳ ಜೋಡಣೆಯನ್ನು ಓದುವ ದಾರಿ ಕಂಡುಕೊಂಡರು. ಮೊದಮೊದಲು ಬಿಡಿಸಿದ ರಚನೆಗಳಲ್ಲಿ ಅಡುಗೆ ಉಪ್ಪಿನದೂ ಒಂದು. 1915ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಗ ಲಾರೆನ್ಸ್‌ಗೆ ಆಗ ಕೇವಲ 25 ವರ್ಷ.

ಅವರು ಕಂಡದ್ದು ಆ ಕಾಲದ ರಸಾಯನಶಾಸ್ತ್ರಜ್ಞರಿಗೆ ಸುಲಭವಾಗಿ ಜೀರ್ಣವಾಗಲಿಲ್ಲ. ಉಪ್ಪಿನಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಜೋಡಿಯಾದ ಅಣು ಎಂಬುದೇ ಇರಲಿಲ್ಲ. ಪ್ರತಿ ಸೋಡಿಯಂ ಅಯಾನಿನ (ಅಂದರೆ ವಿದ್ಯುದಾವೇಶ ಹೊತ್ತ ಕಣದ) ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡ್ ಸುತ್ತ ಆರು ಸೋಡಿಯಂ, ಹೀಗೆ ಕೊನೆಯಿಲ್ಲದ ಚದುರಂಗದ ಮಣೆ. ಹಿರಿಯ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಷ್ಟು ತಡವಾಗಿಯೂ 'ನೇಚರ್' ಪತ್ರಿಕೆಗೆ ಪತ್ರ ಬರೆದು, ಬಡಪಾಯಿ ಉಪ್ಪಿನ ಪರವಾಗಿ ಜಗಳಕ್ಕೆ ನಿಂತರು. ಅವರ ಸಿಟ್ಟು ಈಗ ನಗೆ ತರಿಸುತ್ತದೆ. ಆದರೆ ಅಣುವನ್ನೇ ನಂಬಿ ಬದುಕು ಸವೆಸಿದವರಿಗೆ ಅಣುವೇ ಇಲ್ಲವೆಂದರೆ ಹೇಗಾಗಿರಬೇಡ!

ಆ ಚದುರಂಗದ ಮಣೆಯಲ್ಲಿ ಇನ್ನೊಂದು ಪ್ರಶ್ನೆಗೂ ಉತ್ತರವಿತ್ತು. ಅಡುಗೆ ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕು. ಪುಟ್ಟ ಗುಂಡು ಅಯಾನುಗಳು ಒತ್ತೊತ್ತಾಗಿ ಕುಳಿತು, ಎಲ್ಲ ದಿಕ್ಕಿನಿಂದಲೂ ಒಂದನ್ನೊಂದು ಹಿಡಿದಿರುವಾಗ ಆ ಬಿಗಿ ಸಡಿಲಿಸುವುದು ಸುಲಭವಲ್ಲ. ಹಾಗಾದರೆ ಅಯಾನುಗಳನ್ನು ದೊಡ್ಡದು ಮಾಡಿ, ಆಕಾರ ಕೆಡಿಸಿ, ವಿದ್ಯುದಾವೇಶವನ್ನು ಹರಡಿಬಿಟ್ಟರೆ? ರಸಾಯನಶಾಸ್ತ್ರಜ್ಞ ಪೌಲ್ ವಾಲ್ಡೆನ್ 1914ರಲ್ಲಿ ವರದಿ ಮಾಡಿದ ಈಥೈಲ್ ಅಮೋನಿಯಂ ನೈಟ್ರೇಟ್ ಎಂಬ ಉಪ್ಪು 12 ಡಿಗ್ರಿಯಲ್ಲೇ ಕರಗುತ್ತಿತ್ತು. ಮಂಗಳೂರಿನ ಯಾವ ಋತುವಿನಲ್ಲೂ ಅದು ಗಟ್ಟಿಯಾಗಿ ಉಳಿಯಲಾರದು. ಇಂದು 100 ಡಿಗ್ರಿಯೊಳಗೆ ಕರಗುವ ಉಪ್ಪುಗಳನ್ನೆಲ್ಲ ಅಯಾನಿಕ ದ್ರವ ಎನ್ನುತ್ತೇವೆ. ವಾಲ್ಡೆನ್ ಅವರ ಉಪ್ಪನ್ನು ಮಾತ್ರ ಬಹುಕಾಲ ಯಾರೂ ಮೂಸಿ ನೋಡಲಿಲ್ಲ.

ಆಸಕ್ತಿ ಮರಳಿದ್ದು ಬ್ಯಾಟರಿಯ ನೆಪದಲ್ಲಿ. ಕ್ಷಿಪಣಿಗಳಲ್ಲಿ ಬಳಸುವ ಬ್ಯಾಟರಿಯೊಳಗಿನ ಲಿಥಿಯಂ-ಪೊಟ್ಯಾಸಿಯಂ ಕ್ಲೋರೈಡ್ ಮಿಶ್ರಣ ಕರಗಲು ಸುಮಾರು 355 ಡಿಗ್ರಿ ಬೇಕಿತ್ತು. ಅಷ್ಟು ಕಾಯಿಸುವ ತಾಪತ್ರಯವಿಲ್ಲದ ಉಪ್ಪಿಗಾಗಿ ಅಮೆರಿಕದ ವಾಯುಪಡೆಯ ಅಕಾಡೆಮಿಯಲ್ಲಿ ಜಾನ್ ವಿಲ್ಕ್ಸ್ ಮತ್ತು ಸಂಗಡಿಗರು ಹುಡುಕುತ್ತಿದ್ದರು. 1982ರ ಹೊತ್ತಿಗೆ ಅವರ ಕೈಯಲ್ಲಿ ಇಮಿಡಜೋಲಿಯಂ ಕ್ಲೋರೋಅಲ್ಯುಮಿನೇಟ್‌ಗಳಿದ್ದವು: ಕೋಣೆಯ ಉಷ್ಣತೆಯಲ್ಲೇ ದ್ರವ, ಆದರೆ ಗಾಳಿಯ ತೇವ ತಾಗಿದರೆ ಹಾಳು. ಕೆನಡಾದಿಂದ ರಜೆಯ ಅವಧಿಗೆ ಅಲ್ಲಿಗೆ ಬಂದ ಮೈಕೆಲ್ ಜವೊರೊಟ್ಕೊ ಅವರು ಅಲ್ಯುಮಿನಿಯಂ ಕೈಬಿಟ್ಟು ಟೆಟ್ರಾಫ್ಲೋರೋಬೊರೇಟ್, ನೈಟ್ರೇಟ್, ಅಸಿಟೇಟ್ ಮೊದಲಾದ ಋಣ ಅಯಾನುಗಳನ್ನು ಜೋಡಿಸಿದರು. 1992ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ ಆ ಚಿಕ್ಕ ಪ್ರಬಂಧದಿಂದಲೇ ಈ ಕ್ಷೇತ್ರಕ್ಕೆ ಜನ ನುಗ್ಗಿದ್ದು. ಜವೊರೊಟ್ಕೊ ಮೂಲತಃ ಹರಳಿನ ಕಸುಬಿನವರು. ಇದನ್ನು ಬರಿಯ ಕಾಕತಾಳೀಯವೆಂದು ನಾನು ಭಾವಿಸುವುದಿಲ್ಲ.

ಹರಳಿನ ಕಸುಬು ಎಂದರೇನು? ಸಂಯುಕ್ತವನ್ನು ಎಥನಾಲ್‌ನಂಥ ದ್ರಾವಕದಲ್ಲಿ ಕರಗಿಸಿ, ಬಾಯಿಗೆ ಸೂಜಿಯಿಂದ ತೂತು ಮಾಡಿದ ಹಾಳೆ ಕಟ್ಟಿ, ಅಲುಗಾಡದ ಮೂಲೆಯಲ್ಲಿಟ್ಟು ಮರೆತುಬಿಡಬೇಕು. ದ್ರಾವಕ ನಿಧಾನವಾಗಿ ಆರಿದಂತೆ ತಳದಲ್ಲಿ ಹರಳು ಕೂಡುತ್ತದೆ. ಅವಸರ ಮಾಡಿದರೆ ಬರುವುದು ಪುಡಿ. ಬಂದವುಗಳಲ್ಲಿ ಬಿರುಕಿಲ್ಲದ, ಒಂದಕ್ಕೊಂದು ಅಂಟಿಕೊಳ್ಳದ, ಅರ್ಧ ಮಿಲಿಮೀಟರಿಗೂ ಚಿಕ್ಕದಾದ ಒಂದನ್ನು ಸೂಕ್ಷ್ಮದರ್ಶಕದಡಿ ಆರಿಸಿ, ಗಾಜಿನ ಎಳೆಯ ತುದಿಗೆ ಅಂಟಿಸಿ, ಎಕ್ಸ್-ರೇ ಎದುರು ತಿರುಗಿಸುತ್ತಾ ಹೋಗಬೇಕು. ಅಯಾನಿಕ ದ್ರವದಲ್ಲಿ ಈ ಆಟ ನಡೆಯುವುದಿಲ್ಲ. ಅದನ್ನು ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ, ಯಂತ್ರದ ಮೇಲೆಯೇ ತಣ್ಣನೆಯ ಸಾರಜನಕದ ಗಾಳಿ ಹಾಯಿಸಿ ಹರಳುಗಟ್ಟಿಸಬೇಕು. ಎಷ್ಟೋ ಸಲ ಅದು ಹರಳಾಗದೆ ಗಾಜಿನಂತೆ ಸೆಟೆದು ನಿಲ್ಲುತ್ತದೆ.

ಹಟ ಬಿಡದೆ ಹರಳುಗಟ್ಟಿಸಿದವರಿಗೆ ಒಳ್ಳೆಯ ಫಲವೇ ಸಿಕ್ಕಿತು. ಬ್ಯೂಟೈಲ್ ಮೀಥೈಲ್ ಇಮಿಡಜೋಲಿಯಂ ಕ್ಲೋರೈಡ್ ಈ ಕುಲದ ಅತಿ ಪರಿಚಿತ ಸದಸ್ಯ. ಐದು ಮೂಲೆಯ ಉಂಗುರ, ಒಂದು ಬದಿಗೆ ಮೋಟು ಕೊಂಡಿ, ಇನ್ನೊಂದು ಬದಿಗೆ ನಾಲ್ಕು ಇಂಗಾಲದ ಬಾಲ. ಅದು ಒಂದಲ್ಲ, ಎರಡು ಬಗೆಯ ಹರಳಾಗುತ್ತದೆಂದು 2003ರಲ್ಲಿ ತಿಳಿಯಿತು. ವ್ಯತ್ಯಾಸವಿರುವುದು ಬಾಲದ ಮಡಿಕೆಯಲ್ಲಿ: ಒಂದರಲ್ಲಿ ನೇರ, ಇನ್ನೊಂದರಲ್ಲಿ ಬಾಗಿದ್ದು. ದ್ರವದಲ್ಲಿ ಎರಡೂ ಬೆರೆತಿರುವುದರಿಂದ ಯಾವ ಸಾಲಿನಲ್ಲಿ ಕೂರಬೇಕೆಂಬುದೇ ತೀರ್ಮಾನವಾಗುವುದಿಲ್ಲ. ಹರಳಾಗದ ಕಾರಣವನ್ನು ಹರಳೇ ಹೇಳಿತು.

ಅಷ್ಟರಲ್ಲಿ ಈ ದ್ರವಗಳ ಸುತ್ತ 'ಹಸಿರು' ಎಂಬ ಜಯಘೋಷ ಎದ್ದಿತ್ತು. ಕಾರಣ ಸರಳ. ಇವು ಬೆಂಜೀನ್, ಈಥರ್‌ಗಳಂತೆ ಆವಿಯಾಗಿ ಗಾಳಿ ಸೇರುವುದಿಲ್ಲ. 2002ರಲ್ಲಿ ರಸಾಯನಶಾಸ್ತ್ರಜ್ಞ ರಾಬಿನ್ ರೋಜರ್ಸ್ ಅವರ ತಂಡ ಇವುಗಳಲ್ಲಿ ಸುಲಭಕ್ಕೆ ಕರಗದ ಸಸ್ಯನಾರು ಸೆಲ್ಯುಲೋಸನ್ನೇ ಕರಗಿಸಿ ತೋರಿಸಿದ ಮೇಲಂತೂ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಅದೇ ರೋಜರ್ಸ್ ತಂಡವೇ 2003ರಲ್ಲಿ ಘೋಷಣೆಗೆ ಕಡಿವಾಣ ಹಾಕಿತು. ಹೆಕ್ಸಾಫ್ಲೋರೋಫಾಸ್ಫೇಟ್ ಇದ್ದ ಅಯಾನಿಕ ದ್ರವವನ್ನು ಶುದ್ಧೀಕರಿಸುವಾಗ ಬೇರೊಂದು ಹರಳು ಕಾಣಿಸಿಕೊಂಡಿತು. ಎಕ್ಸ್-ರೇ ಹಾಯಿಸಿ ನೋಡಿದರೆ ಅದು ನೀರು ಕೂಡಿದ ಫ್ಲೋರೈಡ್ ಉಪ್ಪು. ಅಂದರೆ ನೀರಿನೊಡನೆ ಸೇರಿ ದ್ರವ ಒಡೆಯುತ್ತಿತ್ತು. ಹಾಗೆ ಒಡೆಯುವಾಗ ಹುಟ್ಟುವ ಹೈಡ್ರೋಜನ್ ಫ್ಲೋರೈಡ್ ಗಾಜನ್ನೂ ತಿನ್ನುತ್ತದೆ, ಮೂಳೆಯನ್ನೂ ತಿನ್ನುತ್ತದೆ.

ಆವಿಯಾಗದ್ದೆಲ್ಲ ನಿರಪಾಯವೆಂಬ ತರ್ಕ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಗಾಳಿಗೆ ಹೋಗದ್ದು ನೀರಿಗೆ ಹೋಗಬಹುದು. ಬಾಲ ಉದ್ದವಾದಷ್ಟೂ ಈ ಉಪ್ಪುಗಳು ಜಲಚರಗಳಿಗೆ ಹೆಚ್ಚು ವಿಷವಾಗುತ್ತವೆ ಎಂಬುದು ಈಗ ಗಟ್ಟಿಯಾಗಿರುವ ಸಂಗತಿ. ನೇತ್ರಾವತಿ, ಫಲ್ಗುಣಿ ಎರಡೂ ಒಂದೇ ಅಳಿವೆಯಲ್ಲಿ ಕಡಲು ಸೇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರಾವಳಿಯಲ್ಲಿ ಇನ್ನೊಂದು ತಲೆನೋವಿದೆ. ಆಟಿಯ ಮಳೆಯಲ್ಲಿ ಭರಣಿಯ ಕಲ್ಲುಪ್ಪು ನೀರು ಬಿಡುವುದನ್ನು ನೋಡಿದ್ದೇವಲ್ಲ. ಅದರೊಳಗಿನ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬಹುತೇಕ ಅಯಾನಿಕ ದ್ರವಗಳ ಚಾಳಿಯೂ ಇದೇ. ಹಿಂದಿನ ತಯಾರಿಕೆಯಿಂದ ಉಳಿದ ಕ್ಲೋರೈಡ್, ಒಳಸೇರಿದ ನೀರು ಸ್ವಲ್ಪವೇ ಇದ್ದರೂ ಸ್ನಿಗ್ಧತೆ (ದ್ರವದ ಮಂದತನ) ಏರುಪೇರಾಗುತ್ತದೆಂದು ಬೆಲ್‌ಫಾಸ್ಟ್‌ನ ಕೆನೆತ್ ಸೆಡ್ಡನ್ ತಂಡ 2000ದಲ್ಲೇ ಎಚ್ಚರಿಸಿತ್ತು. ಹಾಗಾಗಿ ನೀರಿನ ಪ್ರಮಾಣವನ್ನೇ ನಮೂದಿಸದ ಹಳೆಯ ಅಂಕಿಗಳನ್ನು ಅನುಮಾನದಿಂದಲೇ ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಇಂಥ ಪ್ರಯೋಗ ಮಾಡುವವರು ನಿರ್ವಾತದಲ್ಲಿ ಒಣಗಿಸಿ, ನೀರನ್ನು ಅಳೆದು, ಮತ್ತೆ ಒಣಗಿಸಿ ಮುಂದುವರಿಯಬೇಕು.

ಇಷ್ಟೆಲ್ಲ ಆದಮೇಲೆ ಕಾರ್ಖಾನೆಗೆ ಬಂದದ್ದೇನು? ಬಂದದ್ದು ಕೆಲವೇ. ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ 2002ರಲ್ಲಿ ಆಮ್ಲವನ್ನು ಹೀರಿ ತಾನಾಗಿ ಬೇರ್ಪಡುವ ಅಯಾನಿಕ ದ್ರವದ ವಿಧಾನವನ್ನು ಜಾರಿಗೆ ತಂದಿತು. ಮಲೇಷ್ಯಾದಲ್ಲಿ ನೈಸರ್ಗಿಕ ಅನಿಲದ ಪಾದರಸ ತೆಗೆಯಲು ಸೆಡ್ಡನ್ ತಂಡದ ದ್ರವ ಕೆಲಸಕ್ಕೆ ಬಂತು. ಎಂಆರ್‌ಪಿಎಲ್ ತೈಲಾಗಾರ ಇರುವ ಮಂಗಳೂರಿಗೆ ಹೆಚ್ಚು ಅರ್ಥವಾಗುವ ಉದಾಹರಣೆ ತೈಲ ಶುದ್ಧೀಕರಣದ್ದು. ಪೆಟ್ರೋಲಿನ ಗುಣಮಟ್ಟ ಹೆಚ್ಚಿಸುವ ಒಂದು ಹಂತದಲ್ಲಿ ಜಗತ್ತಿನ ಅನೇಕ ಘಟಕಗಳು ಅದೇ ಅಪಾಯಕಾರಿ ಹೈಡ್ರೋಜನ್ ಫ್ಲೋರೈಡನ್ನು ಬಳಸುತ್ತವೆ. ಷೆವ್ರಾನ್ ಕಂಪನಿ 2021ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ತನ್ನ ಘಟಕದಲ್ಲಿ ಅದನ್ನು ತೆಗೆದು ಅಯಾನಿಕ ದ್ರವ ಹಾಕಿತು. ಆರಿಸಿಕೊಂಡದ್ದು ಯಾವುದನ್ನು ಗೊತ್ತೇ? ತೇವ ತಾಗಿದರೆ ಕೆಡುತ್ತದೆಂದು 1992ರಲ್ಲಿ ಎಲ್ಲರೂ ಬದಿಗಿಟ್ಟ ಕ್ಲೋರೋಅಲ್ಯುಮಿನೇಟ್ ಕುಲವನ್ನೇ. ಮುಚ್ಚಿದ ಕೊಳವೆಗಳೊಳಗೆ ತೇವಕ್ಕೆ ಪ್ರವೇಶವಿಲ್ಲದಿರುವಾಗ ಆ ದೋಷ ಲೆಕ್ಕಕ್ಕೆ ಬರಲಿಲ್ಲ.