ಪ್ಯಾಕೇಜನ್ನು ಹನ್ನೆರಡರಿಂದ ಭಾಗಿಸಬೇಡಿ

ಪಿಯುಸಿ ಓದುವ ಮಕ್ಕಳು ನನ್ನ ಆಫೀಸಿಗೆ ಬಂದರೆ ಎಲ್ಲರದ್ದೂ ಒಂದೇ ಲೆಕ್ಕ. ಆರು ಲಕ್ಷ ಪ್ಯಾಕೇಜ್, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 50 ಸಾವಿರ. ಆ 50 ಸಾವಿರದ ಮೇಲೆ ಕಾರು, ಸೈಟು, ಮದುವೆ ಎಲ್ಲ. ಜೊತೆಗೆ ಬಂದ ಅಪ್ಪ ಅಮ್ಮನೂ ತಲೆಯಾಡಿಸುತ್ತಾರೆ. ಕೋಲಾರದಲ್ಲಿ ಆಡಿಟರ್ ಆಗಿ ಎಷ್ಟು ಸಲ ಹೇಳಿದ್ದೇನೋ, ಈ ಭಾಗಾಕಾರ ಮಾತ್ರ ನಿಂತಿಲ್ಲ.

ಮೊನ್ನೆ ಬಂಗಾರಪೇಟೆ ಕಡೆಯ ಟೊಮೆಟೊ ಬೆಳೆಗಾರರೊಬ್ಬರು ಮಗಳನ್ನು ಕರೆತಂದಿದ್ದರು. ಸೆಕೆಂಡ್ ಪಿಯುಸಿ, ಸಿಇಟಿಗೆ ಓದುತ್ತಿದ್ದಾಳೆ. ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು, ಎಡಕ್ಕೆ ವಯಸ್ಸು, ಬಲಕ್ಕೆ ಆಗಬೇಕಾದ್ದು ಬರೆದಿದ್ದಳು. 22ಕ್ಕೆ ಕೆಲಸ. 23ಕ್ಕೆ ಅಪ್ಪನ ಬೋರ್‌ವೆಲ್ ಸಾಲ. 25ಕ್ಕೆ ಕಾರು. 27ಕ್ಕೆ ಮನೆ. 28ಕ್ಕೆ ಮದುವೆ. ಸಾವಿರ ಅಡಿ ಕೊರೆದರೂ ನೀರು ಸಿಗುವ ಗ್ಯಾರಂಟಿ ಇಲ್ಲದ ಜಿಲ್ಲೆ ನಮ್ಮದು. ಆ ವಯಸ್ಸಿನ ಹುಡುಗಿ ಕಾರಿಗಿಂತ ಮೊದಲು ಬೋರ್‌ವೆಲ್ ಸಾಲ ಬರೆದಿದ್ದಾಳೆ ಅಂದಮೇಲೆ, ಇವಳ ಲೆಕ್ಕವನ್ನು ಸರಿಮಾಡಿಯೇ ಕಳಿಸಬೇಕು ಅನ್ನಿಸಿತು.

ಪ್ಯಾಕೇಜ್ ಅಂದರೆ ಕಂಪನಿ ನಿಮ್ಮ ಹೆಸರಿನಲ್ಲಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ನಿಮ್ಮ ಕೈಗೆ ಬರುವ ದುಡ್ಡಲ್ಲ. ಆರು ಲಕ್ಷವನ್ನೇ ಬಿಡಿಸಿ ನೋಡೋಣ. ಮೂಲ ವೇತನ ಮೂರು ಲಕ್ಷ ಅಂದುಕೊಳ್ಳಿ. ಅದರ ಶೇ. 12, ಅಂದರೆ 36,000, ಕಂಪನಿ ಕಟ್ಟುವ ಪಿಎಫ್, ಅಂದರೆ ಭವಿಷ್ಯ ನಿಧಿ. ಶೇ. 4.81ರ ಲೆಕ್ಕದಲ್ಲಿ ಗ್ರಾಚ್ಯುಟಿಗೆ, ಅಂದರೆ ಕೆಲಸ ಬಿಡುವಾಗ ಕಂಪನಿ ಒಟ್ಟಿಗೆ ಕೊಡುವ ದುಡ್ಡಿಗೆ, 14,430. ಕಾಯಂ ಕೆಲಸದಲ್ಲಿ ಸಾಮಾನ್ಯವಾಗಿ ಐದು ವರ್ಷ ತುಂಬಿಸದೆ ಬಿಟ್ಟರೆ ಅದು ಸಿಗುವುದಿಲ್ಲ. ಆರೋಗ್ಯ ವಿಮೆಗೆ ಒಂದು 10,000. ಕೆಲಸ ನೋಡಿ ಕೊಡುವ ವೇರಿಯಬಲ್ ಅಂತ 60,000 ಇರುತ್ತದೆ. ಅದು ವರ್ಷದ ಕೊನೆಗೆ ಪೂರ್ತಿ ಬರಬಹುದು, ಅರ್ಧ ಬರಬಹುದು. ಇಷ್ಟು ತೆಗೆದರೆ ತಿಂಗಳಿಗೆ ಸುಮಾರು 39,960 ಉಳಿಯಿತು. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,000, ವೃತ್ತಿ ತೆರಿಗೆ 200 ಹಿಡಿಯುತ್ತಾರೆ. ಬ್ಯಾಂಕಿಗೆ ಬೀಳುವುದು 36,760ರ ಆಸುಪಾಸು. ಕಂಪನಿಯಿಂದ ಕಂಪನಿಗೆ ಈ ಹಂಚಿಕೆ ಬೇರೆ ಇರುತ್ತದೆ, ನನ್ನ ಅಂಕಿಯನ್ನೇ ಹಿಡಿದುಕೊಳ್ಳಬೇಡಿ. ಆದರೆ 50 ಸಾವಿರವಂತೂ ಅಲ್ಲ. ಇಷ್ಟು ಸಂಬಳಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆ ಬರುವುದಿಲ್ಲ, ಅದೊಂದು ಸಮಾಧಾನ.

ಹುಡುಗಿ ತಕ್ಷಣ ಕೂಡಿ ಕಳೆದು ನೋಡಿದಳು. ಅವರಪ್ಪ ಮಾತ್ರ ಒಪ್ಪಲಿಲ್ಲ. “ಆರು ಲಕ್ಷ ಅಂತ ಬರೆದುಕೊಟ್ಟ ಮೇಲೆ ಆರು ಲಕ್ಷ ಕೊಡಲೇಬೇಕಲ್ವಾ ಸಾರ್?” ಅಂದರು.

“ಮಂಡಿಯಲ್ಲಿ ಹದಿನೈದು ಕೆಜಿ ಬಾಕ್ಸಿಗೆ 400 ಕೂಗಿದರು ಅಂತಿಟ್ಟುಕೊಳ್ಳಿ. ಮನೆಗೆ 400 ತಗೊಂಡು ಹೋಗ್ತೀರಾ?” ಅಂತ ಕೇಳಿದೆ.

“ಎಲ್ಲಿ ಸಾರ್! ಬಿಡಿಸಿದ ಕೂಲಿ, ಗಾಡಿ ಬಾಡಿಗೆ...” ಅಂತ ಶುರು ಮಾಡಿದವರು ಅಲ್ಲೇ ನಿಲ್ಲಿಸಿ ಮಗಳ ಕಡೆ ನೋಡಿದರು. ನಮ್ಮ ರೈತರಿಗೆ ಈ ಲೆಕ್ಕ ಕಲಿಸಬೇಕಾಗಿಯೇ ಇಲ್ಲ. ಕೂಗಿದ ರೇಟಿನ ಮೇಲೆ ಅವರು ಯಾವತ್ತೂ ಸಾಲ ಮಾಡುವುದಿಲ್ಲ. ಮಕ್ಕಳ ಸಂಬಳದ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ಮರೆಯುತ್ತಾರೋ, ನನಗೆ ಬೇಜಾರಾಗುವುದು ಅಲ್ಲೇ.

ಪಿಎಫ್ ಹೋದ ದುಡ್ಡಲ್ಲ. ಎರಡೂ ಪಾಲು ನಿಮ್ಮ ಹೆಸರಿನಲ್ಲೇ ಇರುತ್ತದೆ. 2024–25ಕ್ಕೆ ಶೇ. 8.25 ಬಡ್ಡಿ ಕೊಟ್ಟಿದ್ದಾರೆ. ಕೆಲಸ ಬದಲಿಸಿದಾಗಲೆಲ್ಲ ಅದನ್ನು ತೆಗೆದು ಬೈಕಿಗೆ ಹಾಕುವ ಹುಡುಗರಿದ್ದಾರೆ. ದಯವಿಟ್ಟು ಬೇಡ.

ಇನ್ನು ಶಿಕ್ಷಣ ಸಾಲ. ಓದುವಾಗ ಕಂತು ಕಟ್ಟಬೇಕಿಲ್ಲ ಅಂದರೆ ಬಡ್ಡಿ ನಿಂತಿದೆ ಅಂತ ಅರ್ಥ ಅಲ್ಲ. ಸಾಮಾನ್ಯವಾಗಿ ಅದು ಓಡುತ್ತಲೇ ಇರುತ್ತದೆ. ಕೋರ್ಸ್ ಮುಗಿದು ಕಂತು ಶುರುವಾಗುವ ಹೊತ್ತಿಗೆ ಬಾಕಿ ಆರೂವರೆ ಲಕ್ಷ ಆಯಿತು ಅನ್ನಿ. ಶೇ. 10 ಬಡ್ಡಿ, ಏಳು ವರ್ಷ ಆದರೆ ತಿಂಗಳ ಕಂತು ಸುಮಾರು 10,800. ಬೆಂಗಳೂರಿನ ಪಿಜಿಗೆ, ಊಟ ಸೇರಿ, ಒಂದು 11 ಸಾವಿರ ಇಡಿ. ಈಗ 15 ಸಾವಿರದ ಒಳಗೆ ಉಳಿಯಿತು. 25ಕ್ಕೆ ಕಾರು ಅಂತ ಬರೆಯುವ ಮುಂಚೆ ನೋಡಬೇಕಾದ್ದು ಈ ಸಂಖ್ಯೆಯನ್ನು.

ಕ್ಯಾಂಪಸ್ಸಿಗೆ ಕಂಪನಿ ಬಂದಾಗ ಸಂಕೋಚ ಬಿಟ್ಟು ಕೇಳಿ. ಇದರಲ್ಲಿ ಖಾಯಂ ಎಷ್ಟು, ವೇರಿಯಬಲ್ ಎಷ್ಟು, ತಿಂಗಳಿಗೆ ಕೈಗೆ ಎಷ್ಟು, ಇಷ್ಟು ವರ್ಷ ಕೆಲಸ ಬಿಡುವಂತಿಲ್ಲ ಅನ್ನುವ ಬಾಂಡ್ ಇದೆಯಾ? ಹೀಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಉತ್ತರ ಬರವಣಿಗೆಯಲ್ಲಿ ಇರಲಿ.

ಹುಡುಗಿ ಕಾರನ್ನು ಹೊಡೆದುಹಾಕಿ 30ರ ಎದುರು ಬರೆದಳು. ಬೋರ್‌ವೆಲ್ ಸಾಲವನ್ನು 23ರಿಂದ 26ರವರೆಗೆ ಬ್ರಾಕೆಟ್ ಹಾಕಿ ಹಂಚಿದಳು. ಆಮೇಲೆ ಕೇಳಿದಳು: “ಅಂಕಲ್, ಪಿಜಿ ಬೇಡ ಅಂತ ಬಂಗಾರಪೇಟೆಯಿಂದ ರೈಲಲ್ಲೇ ಓಡಾಡಿದ್ರೆ?” ಆಫೀಸು ವೈಟ್‌ಫೀಲ್ಡ್ ಕಡೆ ಸಿಕ್ಕರೆ ಖಂಡಿತ ಆಗುತ್ತದಮ್ಮ, ಎಲೆಕ್ಟ್ರಾನಿಕ್ ಸಿಟಿ ಆದರೆ ಕಷ್ಟ ಅಂದೆ. ಅದನ್ನೂ ಬರೆದುಕೊಂಡಳು.